ಬಿಡಬ್ಲ್ಯೂಟಿ ಅಂದ್ರೆ ಏನು? ಬಂಗಾರಪೇಟೆ ಜಂಕ್ಷನ್ ಹೆಸರಿನ ಹಿಂದಿರೋ ಬೌರಿಂಗ್ ಸಾಹೇಬರ ಕಥೆ

ಬಂಗಾರಪೇಟೆ: ಮೊಬೈಲ್‌ನಲ್ಲಿ ರೈಲು ಟಿಕೆಟ್ ಬುಕ್ ಮಾಡೋರು ಒಂದು ವಿಷಯ ಗಮನಿಸಿರ್ತೀರಿ. ನಮ್ಮೂರ ಹೆಸರು ಹಾಕಿದ್ರೆ ಪಕ್ಕದಲ್ಲಿ ಬಿಡಬ್ಲ್ಯೂಟಿ ಅಂತ ಮೂರು ಅಕ್ಷರ ಬರುತ್ತೆ. ಬಂಗಾರಪೇಟೆಯಲ್ಲಿ ಡಬ್ಲ್ಯೂ ಎಲ್ಲಿಂದ ಬಂತು? ನಾನು ಕಾಲೇಜಿಗೆ ಅಂತ ಪಾಸ್ ಮಾಡಿಸಿಕೊಂಡು ಬೆಂಗಳೂರಿಗೆ ಓಡಾಡುತ್ತಿದ್ದಾಗ ಇದನ್ನ ಸುಮಾರು ಜನರನ್ನ ಕೇಳಿದ್ದೆ. ಕಂಪ್ಯೂಟರ್ ತಪ್ಪು ಅಂದವರೂ ಇದ್ದರು. ಡಿಗ್ರಿ ಅರ್ಧಕ್ಕೆ ನಿಂತುಹೋಯ್ತು, ಈ ಪ್ರಶ್ನೆ ಮಾತ್ರ ಹಾಗೇ ಉಳೀತು.

ಅದು ತಪ್ಪಲ್ಲ. ಬಿಡಬ್ಲ್ಯೂಟಿ ಅಂದ್ರೆ ಬೌರಿಂಗ್‌ಪೇಟ್. ನಮ್ಮೂರ ಮೊದಲ ಹೆಸರು ಅದೇ. ಪಕ್ಕದಲ್ಲಿ ಚಿನ್ನದ ಗಣಿ ಇದ್ದದ್ದಕ್ಕೆ ಬಂಗಾರಪೇಟೆ ಅಂತ ಹೆಸರು ಬಂತು ಅಂತ ಅಂಗಡಿ ಕಟ್ಟೆ ಮೇಲೆ ಎಲ್ಲರೂ ಹೇಳ್ತಾರೆ. ಆದರೆ ರೈಲು ಬಂದಿದ್ದು 1864ರಲ್ಲಿ. ಚಿನ್ನ ತೆಗೆಯೋಕೆ ಲೈಸೆನ್ಸ್ ಸಿಕ್ಕಿದ್ದು 1875ರಲ್ಲಿ. ಮೊದಲು ಸ್ಟೇಷನ್, ಆಮೇಲೆ ಪೇಟೆ, ಅದಾದ ಮೇಲೆ ಬಂಗಾರ. ಬೌರಿಂಗ್‌ಪೇಟೆ ಅನ್ನೋ ಇಂಗ್ಲಿಷ್ ಹೆಸರು ತೆಲುಗು, ತಮಿಳು, ಕನ್ನಡ, ಉರ್ದು ನಾಲ್ಕೂ ಆಡೋ ನಮ್ಮ ಜನರ ಬಾಯಲ್ಲಿ ತಿರುಗಿ ತಿರುಗಿ, ಹತ್ತಿರದಲ್ಲೇ ಬಂಗಾರವೂ ಸಿಕ್ಕಿದ ಮೇಲೆ, ಬಂಗಾರಪೇಟೆ ಅಂತ ನಿಂತಿತು. ಊರಿನ ಬೋರ್ಡಿನಿಂದ ಹೋದ ಆ ಸಾಹೇಬರ ಹೆಸರು ರೈಲ್ವೆಯ ಮೂರು ಅಕ್ಷರದಲ್ಲಿ ಮಾತ್ರ ಇನ್ನೂ ಇದೆ. ಯಾರು ಆ ಮನುಷ್ಯ?

ಪೂರ್ತಿ ಹೆಸರು ಲೆವಿನ್ ಬೆಂಥಮ್ ಬೌರಿಂಗ್. ಹುಟ್ಟಿದ್ದು 1824ರಲ್ಲಿ, ಇಂಗ್ಲೆಂಡಿನಲ್ಲಿ. ನಡುವೆ ಇರೋ ಬೆಂಥಮ್ ಅನ್ನೋದು ಜೆರೆಮಿ ಬೆಂಥಮ್ ಅನ್ನೋ ದೊಡ್ಡ ತತ್ವಜ್ಞಾನಿಯದ್ದು. ಕಾನೂನು ಅಂದ್ರೆ ಹೆಚ್ಚು ಜನಕ್ಕೆ ಹೆಚ್ಚು ಸುಖ ಕೊಡಬೇಕು ಅಂತ ವಾದ ಮಾಡಿದವರು. ಅವರು ಲೆವಿನ್ ಅವರ ತಂದೆ ಜಾನ್ ಬೌರಿಂಗ್‌ಗೆ ಬಹಳ ಹತ್ತಿರ. ಎಷ್ಟು ಹತ್ತಿರ ಅಂದ್ರೆ ಬೆಂಥಮ್ ತೀರಿಕೊಂಡ ಮೇಲೆ ಅವರ ಬರಹಗಳನ್ನೆಲ್ಲ ಸೇರಿಸಿ ಅಚ್ಚು ಹಾಕಿಸೋ ಜವಾಬ್ದಾರಿ ಇವರದ್ದೇ ಆಗಿತ್ತು.

ತಂದೆಯ ಬಗ್ಗೆಯೂ ಎರಡು ಮಾತು ಹೇಳಬೇಕು. ಜಾನ್ ಬೌರಿಂಗ್ ಹತ್ತಾರು ಭಾಷೆ ಬಲ್ಲವರು, ಇಂಗ್ಲೆಂಡಿನ ಪಾರ್ಲಿಮೆಂಟ್ ಸದಸ್ಯರಾಗಿದ್ದವರು, ಆಮೇಲೆ ಹಾಂಗ್‌ಕಾಂಗ್‌ಗೆ ಗವರ್ನರ್ ಆದವರು. ಚೀನಾ ಜೊತೆ ಎರಡನೇ ಅಫೀಮು ಯುದ್ಧ ಶುರುವಾಗಿದ್ದು ಅವರ ಕಾಲದಲ್ಲೇ, 1856ರಲ್ಲಿ. ಹೆಚ್ಚು ಜನಕ್ಕೆ ಹೆಚ್ಚು ಸುಖ ಅನ್ನೋರ ಶಿಷ್ಯನ ಕೈಯಲ್ಲಿ ಹಂಗಾಯ್ತು. ಹಾಂಗ್‌ಕಾಂಗ್‌ನಲ್ಲಿ ಅವರ ಹೆಸರಲ್ಲಿ ಬೌರಿಂಗ್ಟನ್ ಅಂತ ಒಂದು ಜಾಗ ಇದೆ, ಬೌರಿಂಗ್ಟನ್ ರೋಡ್ ಅಂತ ಇವತ್ತಿಗೂ ಕರೀತಾರೆ. ಅಪ್ಪನ ಹೆಸರು ಅಲ್ಲಿ, ಮಗನ ಹೆಸರು ನಮ್ಮ ಪ್ಲಾಟ್‌ಫಾರ್ಮ್ ಮೇಲೆ.

ಲೆವಿನ್ ಓದಿದ್ದು ಎಕ್ಸೆಟರ್‌ನಲ್ಲಿ, ಜರ್ಮನಿಯ ಲೈಪ್ಜಿಗ್‌ನಲ್ಲಿ, ಕೊನೆಗೆ ಹೈಲಿಬರಿಯಲ್ಲಿ. ಈಸ್ಟ್ ಇಂಡಿಯಾ ಕಂಪನಿ ತನ್ನ ಅಧಿಕಾರಿಗಳನ್ನ ತಯಾರು ಮಾಡ್ತಿದ್ದ ಕಾಲೇಜು ಅದು. ಅಲ್ಲಿಂದ ಹೊರಬಂದವರು 1843ರಲ್ಲಿ ಬಂಗಾಳದ ಸಿವಿಲ್ ಸರ್ವಿಸ್ ಸೇರಿದರು. ಆಗ ಅವರಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಆ ವಯಸ್ಸಿಗೆ ನಮ್ಮಲ್ಲಿ ಇನ್ನೂ ಬ್ಯಾಕ್‌ಲಾಗ್ ಕಟ್ಟಿಕೊಂಡು ಕೂತಿರ್ತೀವಿ.

ಅವರ ಬದುಕಲ್ಲಿ ಲಾಹೋರ್ ಬಹಳ ಮುಖ್ಯ. 1847ರಲ್ಲಿ ಅಲ್ಲಿನ ರೆಸಿಡೆಂಟ್‌ಗೆ ಸಹಾಯಕರಾಗಿ ಹೋದರು. ಆಗಿನ್ನೂ ಪಂಜಾಬ್ ಸಿಖ್ಖರ ರಾಜ್ಯ. ರಣಜಿತ್ ಸಿಂಗ್ ಮಹಾರಾಜರು ತೀರಿಕೊಂಡಿದ್ದರು, ಗದ್ದುಗೆ ಮೇಲೆ ಇದ್ದದ್ದು ದುಲೀಪ್ ಸಿಂಗ್ ಅನ್ನೋ ಎಂಟೊಂಬತ್ತು ವರ್ಷದ ಹುಡುಗ. ಹುಡುಗನ ಹೆಸರಲ್ಲಿ ಆಡಳಿತ ನಡೆಸಿಕೊಡ್ತೀವಿ, ದೊಡ್ಡವನಾದ ಮೇಲೆ ರಾಜ್ಯ ಅವನದ್ದೇ ಅನ್ನೋ ಒಪ್ಪಂದದ ಮೇಲೆ ಬ್ರಿಟಿಷರು ಒಳಗೆ ಬಂದಿದ್ದರು. ಎರಡೇ ವರ್ಷಕ್ಕೆ, 1849ರಲ್ಲಿ, ಯುದ್ಧ ಆಯ್ತು ಅನ್ನೋ ಕಾರಣ ಕೊಟ್ಟು ಪೂರಾ ಪಂಜಾಬ್ ನುಂಗಿದರು. ಹುಡುಗನನ್ನ ಮೊದಲು ಊರು ಬಿಡಿಸಿದರು, ಆಮೇಲೆ ಇಂಗ್ಲೆಂಡಿಗೇ ಕಳಿಸಿದರು. ಆ ಆಡಳಿತದ ಯಂತ್ರದಲ್ಲಿ ಬೌರಿಂಗ್ ಕೂಡ ಒಬ್ಬರು. ಇದನ್ನ ಸ್ವಲ್ಪ ನೆನಪಲ್ಲಿಟ್ಕೊಳ್ಳಿ, ಮೈಸೂರಿಗೆ ಬಂದಾಗ ಬೇಕಾಗುತ್ತೆ.

1857ರ ದಂಗೆ ಆದ ಮೇಲೆ ಕಂಪನಿ ಆಡಳಿತ ಹೋಗಿ ರಾಣಿ ಆಡಳಿತ ಬಂತು. ಗವರ್ನರ್ ಜನರಲ್ ಆಗಿದ್ದ ಲಾರ್ಡ್ ಕ್ಯಾನಿಂಗ್ ಅವರೇ ಮೊದಲ ವೈಸ್‌ರಾಯ್ ಆದರು. ಅವರ ಖಾಸಗಿ ಕಾರ್ಯದರ್ಶಿಯಾಗಿ 1858ರಿಂದ ಕೆಲಸ ಮಾಡಿದ್ದು ಬೌರಿಂಗ್. ಇಡೀ ದೇಶದ ಕಾಗದ ಪತ್ರ ಹೋಗಿಬರೋ ಬಾಗಿಲಲ್ಲಿ ಕೂತಿದ್ದ ಹಾಗೆ. ಕ್ಯಾನಿಂಗ್ ಊರಿಗೆ ಹೊರಟ ವರ್ಷವೇ, ಅಂದ್ರೆ 1862ರಲ್ಲಿ, ಬೌರಿಂಗ್ ಅವರನ್ನ ಮೈಸೂರು ರಾಜ್ಯಕ್ಕೆ ಕಮಿಷನರ್ ಮಾಡಿ ಬೆಂಗಳೂರಿಗೆ ಕಳಿಸಿದರು. ಕೊಡಗೂ ಅವರ ಕೈಗೇ ಸೇರಿತು.

ಆಗಿನ ಮೈಸೂರಿನ ಸ್ಥಿತಿ ವಿಚಿತ್ರ. ನಗರದ ಕಡೆ ರೈತರ ದಂಗೆ ಎದ್ದಿತು ಅಂತ 1831ರಲ್ಲಿ ಬ್ರಿಟಿಷರು ಆಡಳಿತವನ್ನ ಮುಮ್ಮಡಿ ಕೃಷ್ಣರಾಜ ಒಡೆಯರ್ ಕೈಯಿಂದ ಕಿತ್ತುಕೊಂಡಿದ್ದರು. ಮಹಾರಾಜರು ಮೈಸೂರು ಅರಮನೆಯಲ್ಲೇ ಇದ್ದರು, ದರ್ಬಾರ್ ಇತ್ತು, ದಸರಾ ಇತ್ತು, ಅಧಿಕಾರ ಮಾತ್ರ ಇರಲಿಲ್ಲ. ಬೆಂಗಳೂರಲ್ಲಿ ಕೂತು ರಾಜ್ಯ ನಡೆಸುತ್ತಿದ್ದವರು ಕಮಿಷನರ್. ಬೌರಿಂಗ್‌ಗಿಂತ ಮೊದಲು ಸುಮಾರು ಇಪ್ಪತ್ತೇಳು ವರ್ಷ ಆ ಜಾಗದಲ್ಲಿ ಇದ್ದವರು ಮಾರ್ಕ್ ಕಬ್ಬನ್. ಅದೇ ಕಬ್ಬನ್ ಪಾರ್ಕ್‌ನವರು. ಮನೆ ಯಜಮಾನರು ಒಳಕೋಣೆಯಲ್ಲಿ ಕೂತಿರುವಾಗಲೇ ಗಲ್ಲಾಪೆಟ್ಟಿಗೆ ಮೇಲೆ ಬೇರೆಯವರು ಕೂತರೆ ಹೇಗಿರುತ್ತೆ ಅಂತ ಅಂಗಡಿ ಇಟ್ಟವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಕಬ್ಬನ್ ಹಳೇ ಕಾಲದ ದೊರೆ ತರಹ ಆಳಿದವರು, ತೀರ್ಮಾನ ಎಲ್ಲ ಅವರ ತಲೆಯಲ್ಲಿ. ಬೌರಿಂಗ್ ಹಾಗಲ್ಲ, ಪಕ್ಕಾ ಇಲಾಖೆ ಮನುಷ್ಯ. ಬಂದ ಕೂಡಲೇ ರಾಜ್ಯವನ್ನ ನಂದಿದುರ್ಗ, ಅಷ್ಟಗ್ರಾಮ, ನಗರ ಅಂತ ಮೂರು ವಿಭಾಗ ಮಾಡಿದರು, ಅದರ ಕೆಳಗೆ ಎಂಟು ಜಿಲ್ಲೆ. ನಂದಿದುರ್ಗ ವಿಭಾಗದಲ್ಲಿ ಬೆಂಗಳೂರು, ತುಮಕೂರು ಜೊತೆಗೆ ನಮ್ಮ ಕೋಲಾರ. ಒಂದೊಂದು ಜಿಲ್ಲೆಗೆ ಒಬ್ಬ ಡೆಪ್ಯುಟಿ ಕಮಿಷನರ್. ಇವತ್ತು ನಾವು ಡಿಸಿ ಆಫೀಸ್ ಮುಂದೆ ಅರ್ಜಿ ಹಿಡಿದು ನಿಲ್ತೀವಲ್ಲ, ಆ ಕುರ್ಚಿ ಹಾಕಿಸಿದ್ದು ಅವರ ಕಾಲದಲ್ಲಿ. 1863ರಲ್ಲಿ ಭೂಮಿ ಅಳತೆ, ಕಂದಾಯ ನಿಗದಿ ಶುರುವಾಯ್ತು. ಮೊದಲು ಚಿತ್ರದುರ್ಗದ ಕಡೆ, ಆಮೇಲೆ ಒಂದೊಂದೇ ಜಿಲ್ಲೆ. ಪಹಣಿಯಲ್ಲಿ ಸರ್ವೆ ನಂಬರ್ ಅಂತ ಹುಡುಕ್ತೀವಲ್ಲ, ಹಳೇ ಮೈಸೂರಿನಲ್ಲಿ ಅದರ ಬೇರು ಆ ಅಳತೆಯಲ್ಲಿದೆ. 1864ರಲ್ಲಿ ಅರಣ್ಯ ಇಲಾಖೆ ಬಂತು. ಹೋಬಳಿಗೊಂದು ಶಾಲೆ ಅನ್ನೋ ಯೋಜನೆ 1868ರದ್ದು, ಅದನ್ನ ನಿಂತು ನಡೆಸಿದವರು ಶಾಸನಗಳ ಬಿ.ಎಲ್. ರೈಸ್. ಟಿಪ್ಪು ಅರಮನೆಯಲ್ಲಿ ಇಕ್ಕಟ್ಟಾಗಿ ನಡೀತಿದ್ದ ಕಚೇರಿಗಳಿಗೆ ಅಂತ ಕೆಂಪು ಬಣ್ಣದ ದೊಡ್ಡ ಕಟ್ಟಡ ಎದ್ದು 1868ರಲ್ಲಿ ಮುಗೀತು. ಅದೇ ಅಠಾರ ಕಚೇರಿ, ಈಗಿನ ಹೈಕೋರ್ಟ್. ಪ್ಲಾನ್ ಹಾಕಿದವರು ಸ್ಯಾಂಕಿ, ಸ್ಯಾಂಕಿ ಕೆರೆ ಸ್ಯಾಂಕಿ.

ಇನ್ನು ರೈಲಿನ ವಿಷಯ. ಇಲ್ಲಿ ಒಂದು ಸತ್ಯ ಹೇಳಿಬಿಡಬೇಕು. ನಮ್ಮ ಹಳಿ ಹಾಕಿಸಿದ್ದು ಬೌರಿಂಗ್ ಅಲ್ಲ. ಹಾಕಿದ್ದು ಮದ್ರಾಸ್ ರೈಲ್ವೆ ಕಂಪನಿ. ಆ ಕಂಪನಿಯ ಮೊದಲ ರೈಲು 1856ರಲ್ಲಿ ಮದ್ರಾಸಿನ ರಾಯಪುರಂನಿಂದ ವಾಲಾಜಾ ರೋಡ್‌ಗೆ ಓಡಿತ್ತು. ಹಳಿ ಪಶ್ಚಿಮಕ್ಕೆ ಬೆಳೀತಾ ಬಂದು ಜೋಲಾರಪೇಟೆಯಲ್ಲಿ ಒಂದು ಕವಲು ಒಡೆದು, ಘಾಟಿ ಹತ್ತಿ, ನಮ್ಮ ಬಯಲಿಗೆ ಬಂದು ಬೆಂಗಳೂರು ಕಂಟೋನ್ಮೆಂಟ್ ತಲುಪಿತು. 1864ರ ಆಗಸ್ಟ್ 1ರಂದು ಸಂಚಾರ ಶುರು. ಮೈಸೂರು ರಾಜ್ಯಕ್ಕೆ ಅದೇ ಮೊದಲ ರೈಲು. ಕಂಟೋನ್ಮೆಂಟೇ ಕೊನೆ ಸ್ಟೇಷನ್, ಸಿಟಿ ಸ್ಟೇಷನ್ ಅಂತ ಆಗ ಇರಲೇ ಇಲ್ಲ. ಬೌರಿಂಗ್ ಆಗ ರಾಜ್ಯದ ದೊಡ್ಡ ಅಧಿಕಾರಿ. ಹೊಸ ಸ್ಟೇಷನ್ ಪಕ್ಕ ಹೊಸದಾಗಿ ಎದ್ದ ಪೇಟೆಗೆ ಅವರ ಹೆಸರಿಟ್ಟರು. ಇವತ್ತು ಬಡಾವಣೆಗೆ ಆಗಿನ ಮಂತ್ರಿ ಹೆಸರಿಡೋದಿಲ್ಲವಾ, ಅದೇ ರೀತಿ.

ಪೇಟೆ ಹೇಗೆ ಎದ್ದಿತು ಅನ್ನೋದು ವ್ಯಾಪಾರಸ್ಥರು ತಿಳ್ಕೋಬೇಕಾದ ಸಂಗತಿ. ರೈಲಿಗೆ ಮುಂಚೆ ಮದ್ರಾಸಿನ ಉಪ್ಪು, ಬಟ್ಟೆ, ಕಬ್ಬಿಣ ಎಲ್ಲ ಎತ್ತಿನ ಗಾಡಿಯಲ್ಲಿ ದಿನಗಟ್ಟಲೆ ಘಾಟಿ ಹತ್ತಿ ಬರಬೇಕಿತ್ತು. ಗಾಡಿ ನಿಲ್ಲೋ ಕಡೆ ಸಂತೆ, ಛತ್ರ, ವ್ಯಾಪಾರ. ಈ ಭಾಗಕ್ಕೆ ಆಗ ತಾಲೂಕು ಕೇಂದ್ರ ಬೇತಮಂಗಲ. ಪಾಲಾರ್ ನದಿಯ ದೊಡ್ಡ ಕೆರೆ, ಹಳೇ ದೇವಸ್ಥಾನ, ಶಾಸನಗಳು, ಎಲ್ಲ ಇರೋ ಪುರಾತನ ಊರು. ಹಳಿ ಮಾತ್ರ ಬೇತಮಂಗಲಕ್ಕೆ ಹೋಗಲಿಲ್ಲ. ಸರಕು ಎಲ್ಲಿ ಇಳೀತೋ ಮಂಡಿ ಅಲ್ಲಿಗೆ ಹೋಯ್ತು, ಮಂಡಿ ಹೋದ ಕಡೆ ತಾಲೂಕು ಕಚೇರಿಯೂ ಬಂತು. ಬೇತಮಂಗಲ ತಾಲೂಕು ಹೋಗಿ ಬೌರಿಂಗ್‌ಪೇಟೆ ತಾಲೂಕು ಆಯ್ತು. ನಮ್ಮೂರು ಬೆಳೆದಿದ್ದು ಖುಷಿ ವಿಷಯವೇ, ಆದ್ರೆ ಅದರ ಲೆಕ್ಕದಲ್ಲಿ ಬೇತಮಂಗಲದವರ ನಷ್ಟವೂ ಇದೆ ಅನ್ನೋದನ್ನ ನಾವು ಯಾವತ್ತೂ ಹೇಳಲ್ಲ. ಬೈಪಾಸ್ ಆದ ಮೇಲೆ ಹಳೇ ರೋಡಿನ ಹೋಟೆಲ್‌ಗಳ ಗತಿ ಏನಾಗುತ್ತೆ ಅಂತ ನೋಡಿದವರಿಗೆ ಇದು ಹೊಸದಲ್ಲ.

ಇದೇ ಕಾಲಕ್ಕೆ ಮೈಸೂರಿನಲ್ಲಿ ದೊಡ್ಡ ವಿಷಯ ನಡೀತಿತ್ತು. ಮುಮ್ಮಡಿಯವರಿಗೆ ಗಂಡು ಸಂತಾನ ಉಳಿದಿರಲಿಲ್ಲ. ರಾಜ್ಯ ವಾಪಸ್ ಕೊಡಿ ಅಂತ ಕಲ್ಕತ್ತಾಕ್ಕೂ ಲಂಡನ್‌ಗೂ ಬರೆದು ಬರೆದು ವಯಸ್ಸಾಗಿತ್ತು. 1865ರಲ್ಲಿ ಪುಟ್ಟ ಮಗು ಚಾಮರಾಜೇಂದ್ರರನ್ನ ದತ್ತು ತಗೊಂಡರು. ಇಲ್ಲಿನ ಸರ್ಕಾರ ಮೊದಲು ಒಪ್ಪಲಿಲ್ಲ. ಒಪ್ಪದೇ ಹೋಗಿದ್ದರೆ ಮಹಾರಾಜರ ಕಾಲಾನಂತರ ಮೈಸೂರು ಅನ್ನೋ ರಾಜ್ಯವೇ ಇರುತ್ತಿರಲಿಲ್ಲ, ನಾವೆಲ್ಲ ಮದ್ರಾಸಿಗೋ ಇನ್ನೆಲ್ಲಿಗೋ ಸೇರ್ತಿದ್ದೆವು. ಕೊನೆಗೆ 1867ರಲ್ಲಿ ಲಂಡನ್‌ನಿಂದಲೇ ತೀರ್ಮಾನ ಬಂತು, ವಂಶ ಉಳೀಬೇಕು ಅಂತ. ಮುಂದಿನ ವರ್ಷ, 1868ರ ಮಾರ್ಚ್ 27ರಂದು, ಮುಮ್ಮಡಿಯವರು ತೀರಿಕೊಂಡರು. ಐದು ವರ್ಷದ ಹುಡುಗ ಸಿಂಹಾಸನ ಏರಿದ. ರಾಜ್ಯ ನಡೆಸೋ ಕಮಿಷನರ್ ಬೌರಿಂಗ್.

ಲಾಹೋರ್ ನೆನಪಿದೆಯಲ್ಲ? ಮತ್ತೆ ಒಬ್ಬ ಬಾಲಕ, ಮತ್ತೆ ಅದೇ ಮಾತು, ದೊಡ್ಡವನಾದ ಮೇಲೆ ರಾಜ್ಯ ನಿನ್ನದೇ ಅಂತ. ಇಪ್ಪತ್ತು ವರ್ಷದ ಹಿಂದೆ ಪಂಜಾಬಿನಲ್ಲಿ ಆ ಮಾತು ಮುರಿದಿದ್ದನ್ನ ಬೌರಿಂಗ್ ಹತ್ತಿರದಿಂದ ಕಂಡವರು. ಮೈಸೂರಲ್ಲಿ ಮಾತು ಉಳೀತು. 1881ರ ಮಾರ್ಚ್ 25ಕ್ಕೆ ಚಾಮರಾಜೇಂದ್ರ ಒಡೆಯರ್ ಕೈಗೆ ರಾಜ್ಯ ವಾಪಸ್ ಬಂತು. ಅದಕ್ಕೆ ಬೌರಿಂಗ್ ಒಬ್ಬರೇ ಕಾರಣ ಅಂತ ನಾನು ಹೇಳಲ್ಲ, ಅವರು ಹೊರಟು ಹನ್ನೊಂದು ವರ್ಷ ಆಗಿತ್ತು. ಆದರೆ ಹುಡುಗ ದೊಡ್ಡವನಾಗಿ ಕೈಗೆ ತಗೊಂಡಿದ್ದು ಜಿಲ್ಲೆ, ತಾಲೂಕು, ಸರ್ವೆ, ಶಾಲೆ, ಕೋರ್ಟು ಅಂತ ಚೌಕಟ್ಟು ಇದ್ದ ರಾಜ್ಯವನ್ನ. ಆ ಚೌಕಟ್ಟಿನ ದೊಡ್ಡ ಭಾಗ ಬೌರಿಂಗ್ ಅವರ ಎಂಟು ವರ್ಷದ ಕೆಲಸ. ಹಾಗಂತ ಅವರನ್ನ ಪುಣ್ಯಾತ್ಮ ಮಾಡೋದೂ ಬೇಡ. ಯಾರೂ ಓಟು ಹಾಕಿ ತಂದವರಲ್ಲ, ರಾಜ್ಯದ ಹುಟ್ಟುವಳಿಯಿಂದ ಬ್ರಿಟಿಷರಿಗೆ ವರ್ಷಾವರ್ಷ ಕಪ್ಪ ಹೋಗ್ತಾನೇ ಇತ್ತು.

1870ರಲ್ಲಿ ಅವರು ಕೆಲಸ ಬಿಟ್ಟು ಊರಿಗೆ ಹೊರಟರು. ಆಗಿನ್ನೂ ಅವರಿಗೆ ಐವತ್ತು ಆಗಿರಲಿಲ್ಲ. ಮುಂದಿನ ವರ್ಷವೇ ಈಸ್ಟರ್ನ್ ಎಕ್ಸ್‌ಪೀರಿಯನ್ಸಸ್ ಅನ್ನೋ ಪುಸ್ತಕ ಹೊರಗೆ ಬಂತು. ಮೈಸೂರು, ಕೊಡಗು, ಪಂಜಾಬ್ ಬಗ್ಗೆ ತಾವು ಕಂಡಿದ್ದನ್ನೆಲ್ಲ ಅದರಲ್ಲಿ ಬರೆದಿದ್ದಾರೆ. ಅವರು ಹೋದ ಆರು ವರ್ಷಕ್ಕೆ ಮಹಾ ಬರ ಬಂತು, 1876ರಿಂದ 78ರವರೆಗೆ. ಮದ್ರಾಸಿನಿಂದ ಧಾನ್ಯದ ಮೂಟೆ ಬಂದಿದ್ದು ಇದೇ ಹಳಿ ಮೇಲೆ, ನಮ್ಮ ಸ್ಟೇಷನ್ ದಾಟಿಕೊಂಡು. ಆದರೂ ಜನ ಉಳೀಲಿಲ್ಲ. 1871ರ ಜನಗಣತಿಯಲ್ಲಿ ಮೈಸೂರು ರಾಜ್ಯದಲ್ಲಿ 50 ಲಕ್ಷ ಜನ ಇದ್ದರು, 1881ಕ್ಕೆ ಅದು 42 ಲಕ್ಷದ ಹತ್ತಿರಕ್ಕೆ ಇಳಿದಿತ್ತು. ರೈಲು ಇದ್ದ ಮಾತ್ರಕ್ಕೆ ಬಡವನ ಕೈಯಲ್ಲಿ ಅಕ್ಕಿ ಕೊಳ್ಳೋ ದುಡ್ಡು ಬರಲ್ಲ.

ಇಂಗ್ಲೆಂಡಿನಲ್ಲಿ ಬೌರಿಂಗ್ ಇನ್ನೂ ನಲವತ್ತು ವರ್ಷ ಬದುಕಿದರು. 1893ರಲ್ಲಿ ಹೈದರಾಲಿ ಮತ್ತು ಟಿಪ್ಪು ಸುಲ್ತಾನ್ ಬಗ್ಗೆ ಒಂದು ಪುಸ್ತಕ ಬರೆದರು. ನನಗೆ ಇದು ಓದಿದಾಗ ಮೈ ಜುಮ್ಮೆಂದಿತು. ಯಾಕಂದ್ರೆ ಹೈದರಾಲಿ ಹುಟ್ಟಿದ್ದು ನಮ್ಮ ತಾಲೂಕಿನ ಬೂದಿಕೋಟೆಯಲ್ಲಿ. ಅವರ ತಂದೆ ಫತೇ ಮಹಮ್ಮದ್ ಸಮಾಧಿ ಇರೋದು ಕೋಲಾರದಲ್ಲಿ. ಬೌರಿಂಗ್ ಹೆಸರಿನ ತಾಲೂಕಿನಲ್ಲೇ ಹುಟ್ಟಿದವನ ಚರಿತ್ರೆಯನ್ನ ಅದೇ ಬೌರಿಂಗ್ ಬರೆದರು. ಬ್ರಿಟಿಷ್ ಅಧಿಕಾರಿ ಬರೆದ ಟಿಪ್ಪು ಹೇಗಿರ್ತಾನೆ ಅಂತ ಊಹಿಸಬಹುದು, ಆ ಜಗಳಕ್ಕೆ ನಾನು ಇಲ್ಲಿ ಹೋಗಲ್ಲ.

ಅಷ್ಟರಲ್ಲಿ ಇಲ್ಲಿ ಪೇಟೆಯ ಬಣ್ಣವೇ ಬದಲಾಗಿತ್ತು. ನ್ಯೂಜಿಲೆಂಡಿನ ಯುದ್ಧದಿಂದ ಬಂದ ಲವೆಲ್ ಅನ್ನೋ ನಿವೃತ್ತ ಸೈನಿಕ ಚಿನ್ನ ಹುಡುಕೋ ಹಕ್ಕು ಪಡೆದ, 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು. ಗಣಿಗೆ ಹತ್ತಿರದ ರೈಲು ಬೌರಿಂಗ್‌ಪೇಟೆಯದ್ದೇ. ಮಷಿನ್, ಸಾಮಾನು ಇಲ್ಲಿ ಇಳಿದು ಎತ್ತಿನ ಗಾಡಿ ಮೇಲೆ ಹೋಗಬೇಕಿತ್ತು. 1894ರಲ್ಲಿ ಮೈಸೂರು ಸರ್ಕಾರದ ದುಡ್ಡಲ್ಲಿ ಇಲ್ಲಿಂದ ಮಾರಿಕುಪ್ಪಂವರೆಗೆ ಸುಮಾರು 16 ಕಿಲೋಮೀಟರ್ ಹಳಿ ಬಿತ್ತು. ಕೋರಮಂಡಲ್, ಊರಿಗಾಂ, ಚಾಂಪಿಯನ್, ಮಾರಿಕುಪ್ಪಂ. ಅಲ್ಲಿಗೆ ನಮ್ಮ ಸ್ಟೇಷನ್ ಜಂಕ್ಷನ್ ಆಯ್ತು. ಬೌರಿಂಗ್ ತಮ್ಮ ಹೆಸರಿನ ಜಂಕ್ಷನ್‌ನ ಕಣ್ಣಲ್ಲಿ ನೋಡಲಿಲ್ಲ. 1910ರಲ್ಲಿ, 85ನೇ ವಯಸ್ಸಿನಲ್ಲಿ, ಇಂಗ್ಲೆಂಡಿನ ಸಮುದ್ರದಂಡೆಯ ಊರು ಟಾರ್ಕೀಯಲ್ಲಿ ತೀರಿಕೊಂಡರು.

ಅವರು ಹೋದ ನಾಲ್ಕಾರು ವರ್ಷದಲ್ಲೇ ಕೋಲಾರದ ಕಡೆ ಇನ್ನೊಂದು ಹಳಿ ಬಂತು. ಎರಡೂವರೆ ಅಡಿ ಅಗಲದ ಪುಟ್ಟ ರೈಲು, ಚಿಕ್ಕಬಳ್ಳಾಪುರದವರೆಗೆ. ದೊಡ್ಡ ಗಾಡಿಗೂ ಚಿಕ್ಕ ಗಾಡಿಗೂ ಹಳಿ ಹೊಂದಲ್ಲ, ಮೂಟೆ ಎಲ್ಲ ಇಲ್ಲಿ ಇಳಿಸಿ ಮತ್ತೆ ಏರಿಸಬೇಕು. ಹಮಾಲಿಗಳ ಕೂಲಿ ಅದರಲ್ಲಿ ಹುಟ್ಟಿತು. 2013ರಲ್ಲಿ ಕೋಲಾರ–ಚಿಕ್ಕಬಳ್ಳಾಪುರದ ಹಳಿಯೂ ಅಗಲ ಆದ ಮೇಲೆ ಆ ಪುಟ್ಟ ರೈಲು ದೊಡ್ಡವರ ಮಾತಲ್ಲಿ ಮಾತ್ರ ಉಳಿದಿದೆ. ಗಣಿಯೂ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಮುಂಚೆ ಗಣಿ ಕೆಲಸಕ್ಕೆ ಜನ ಈ ಕಡೆಗೆ ಬರ್ತಿದ್ದರು, ಈಗ ಕೆಜಿಎಫ್‌ನವರು, ನಮ್ಮವರು ಕತ್ತಲಿರುವಾಗಲೇ ಎದ್ದು ಬೆಂಗಳೂರಿನ ಕೆಲಸಕ್ಕೆ ಹೋಗ್ತಾರೆ. ಮಾರಿಕುಪ್ಪಂ ಗಾಡಿಯಲ್ಲಿ ಕಾಲಿಡೋಕೆ ಜಾಗ ಇರಲ್ಲ ಅಂತ ಗೊತ್ತೇ ಇದೆ.

ಅದೇ ಗಾಡಿಯಲ್ಲಿ ದಿನಾ ನಾಲ್ಕು ಜನ ರೋಗಿಗಳೂ ಇರ್ತಾರೆ. ಕೈಯಲ್ಲಿ ಸ್ಕ್ಯಾನಿಂಗ್ ಕವರ್, ಊಟದ ಡಬ್ಬಿ. ಕಂಟೋನ್ಮೆಂಟಲ್ಲಿ ಇಳಿದು ಆಟೋದವನಿಗೆ ಬೌರಿಂಗ್ ಆಸ್ಪತ್ರೆ ಅಂತಾರೆ. ಶಿವಾಜಿನಗರದ ಆ ಆಸ್ಪತ್ರೆಯೂ 1860ರ ದಶಕದ್ದು, ಹೆಸರು ಅದೇ ಲೆವಿನ್ ಬೆಂಥಮ್ ಬೌರಿಂಗ್ ಅವರದ್ದು. ಬೌರಿಂಗ್‌ಪೇಟೆಯಲ್ಲಿ ಹತ್ತಿ ಬೌರಿಂಗ್‌ಗೆ ಹೋಗ್ತಿದ್ದೀವಿ ಅಂತ ಗಾಡಿಯಲ್ಲಿ ಯಾರಿಗೂ ಗೊತ್ತಿರಲ್ಲ. ಮುಂದಿನ ಸಲ ಸೀಟು ಸಿಕ್ಕಿದ್ರೆ ಪಕ್ಕದವರಿಗೆ ಹೇಳಿ ನೋಡಿ.